ಸೇಂಟ್ ಮೇರೀಸ್‌ನಲ್ಲಿ ಕಲ್ಲು ಬಿಟ್ಟರೆ ಬೇರೇನಿದೆ? ಹೋಗಿ ಬಂದವರು ಹೇಳಿ

ಪ್ರಶ್ನೆ, ಶಿವಮೊಗ್ಗದಿಂದ:
ಡಿಸೆಂಬರ್ ಕೊನೆಯ ವಾರ ಉಡುಪಿಗೆ ಹೊರಟಿದ್ದೇವೆ. ಒಂಬತ್ತು ಮತ್ತು ಹನ್ನೆರಡು ವರ್ಷದ ಇಬ್ಬರು ಮಕ್ಕಳು. ಇಬ್ಬರಿಗೂ ಏಡಿ, ಹಕ್ಕಿ, ಹುಳ ಅಂದ್ರೆ ಪ್ರಾಣ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗೋಣ ಅಂದರೆ ನಮ್ಮ ಭಾವ, "ಅಲ್ಲಿ ಕಂಬದ ಕಲ್ಲು, ನಾಲ್ಕು ತೆಂಗಿನಮರ, ಅಷ್ಟೇ" ಅಂತಾರೆ. ನಿಜವಾ?

ಮಲ್ಪೆಯವರು:
ನಿಮ್ಮ ಭಾವ ಭರತದ ಹೊತ್ತಿಗೆ ಹೋಗಿರಬೇಕು! ನೀರು ತುಂಬಿದಾಗ ಕಲ್ಲೇ ಕಾಣುವುದು. ಜೀವ ಎಲ್ಲ ಇರುವುದು ಕಲ್ಲಿನ ಸಂದಿನಲ್ಲಿ, ಅದು ಕಾಣಬೇಕಾದರೆ ಇಳಿತ ಬೇಕು. ಮೊದಲು ಭರತ-ಇಳಿತದ ಪಟ್ಟಿ ನೋಡಿ, ಆಮೇಲೆ ದಿನ ಗೊತ್ತು ಮಾಡಿ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗ್ತಾ ಹೋಗ್ತದೆ, ಇವತ್ತಿನ ಸಮಯ ನಾಲ್ಕು ದಿನದ ನಂತರ ಉಪಯೋಗಕ್ಕಿಲ್ಲ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ನೀರು ಚೆನ್ನಾಗಿ ಇಳಿಯುತ್ತದೆ. ಆದರೆ ಇಳಿತ ದೋಣಿ ಓಡುವ ಹೊತ್ತಿನೊಳಗೇ ಬರಬೇಕಲ್ಲ, ಅದನ್ನೂ ನೋಡಿಕೊಳ್ಳಿ.

ಇನ್ನೊಂದು. ಡಿಸೆಂಬರ್ ಕೊನೆ ವಾರ ಬೇಡ ಮಾರಾಯ್ರೆ. ರಜೆ, ಜಾತ್ರೆಯ ಹಾಗೆ ಜನ. ಜನವರಿಯ ಒಂದು ಮಂಗಳವಾರವೋ ಬುಧವಾರವೋ ಬನ್ನಿ, ಬೆಳಿಗ್ಗೆ ಮೊದಲ ದೋಣಿ ಹಿಡಿಯಿರಿ.

ಮೈಸೂರಿನಿಂದ, ಶಾಲಾ ಶಿಕ್ಷಕಿ:
ನಾನು ಮಕ್ಕಳ ಗುಂಪು ಕಟ್ಟಿಕೊಂಡು ಎರಡು ಸಲ ಹೋಗಿದ್ದೇನೆ. ಮೊದಲ ಸಲ ದ್ವೀಪವೆಲ್ಲ ಸುತ್ತಿಸಿದೆ, ಯಾರಿಗೂ ಏನೂ ಕಾಣಲಿಲ್ಲ. ಎರಡನೇ ಸಲ ಬೋಗುಣಿಯಷ್ಟಗಲದ ಒಂದು ಗುಂಡಿಯ ಸುತ್ತ ಆರು ಜನರನ್ನು ಕೂರಿಸಿ, ಹತ್ತು ನಿಮಿಷ ಅಲ್ಲಾಡಬೇಡಿ ಅಂದೆ. ಮೊದಲು ಬರೀ ನೀರು. ಆಮೇಲೆ ತಳದಲ್ಲಿದ್ದ ಒಂದು ಶಂಖ ಎದ್ದು ನಡೆಯಿತು, ಖಾಲಿ ಚಿಪ್ಪನ್ನು ಮನೆ ಮಾಡಿಕೊಂಡ ಏಡಿ. ಬೆರಳುದ್ದದ ಮೀನೊಂದು ಕಲ್ಲಿನ ಬಣ್ಣದಲ್ಲೇ ಇತ್ತು, ಕಣ್ಣು ಹೊರಳಿಸಿದಾಗಷ್ಟೇ ಗೊತ್ತಾಯಿತು. ಗೋಡೆಗೆ ಅಂಟಿದ್ದ ಕಂದು ಮುದ್ದೆ ನಿಧಾನಕ್ಕೆ ಎಳೆ ಬಿಚ್ಚಿ ಹೂವಾಯಿತು, ಸೀ ಅನಿಮೋನ್ ಎಂಬ ಕಡಲ ಪ್ರಾಣಿ. ಒಬ್ಬ ಹುಡುಗನ ನೆರಳು ಬಿದ್ದದ್ದೇ ಮೀನು ಮಾಯ.

ಆ ಗುಂಡಿಗಳು ಅಲ್ಲಿ ಇರುವುದಕ್ಕೂ ಆ ಕಂಬಗಳೇ ಕಾರಣ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ ಹರಿದ ಲಾವಾ ತಣಿಯುವಾಗ ಕುಗ್ಗಿ, ಐದಾರು ಮೂಲೆಯ ಕಂಬಗಳಾಗಿ ಸೀಳಿತು. ಒಂದೊಂದು ಕಂಬ ಒಂದೊಂದು ಎತ್ತರಕ್ಕೆ ಮುರಿದಿರುವುದರಿಂದ ತಗ್ಗಿನಲ್ಲಿ ನೀರು ನಿಲ್ಲುತ್ತದೆ, ಬಿರುಕಿನಲ್ಲಿ ತಂಪು ಉಳಿಯುತ್ತದೆ. ಕಲ್ಲು ಬೇರೆ, ಜೀವ ಬೇರೆ ಅಂತ ನಿಮ್ಮ ಭಾವನವರು ಎಣಿಸಿದ್ದೇ ತಪ್ಪು.

ನನ್ನದೊಂದು ತಪ್ಪೂ ಹೇಳಿಬಿಡುತ್ತೇನೆ. ಆ ಮೊದಲ ಸಲ ಹತ್ತು ಹದಿನೈದು ಚಿಪ್ಪು ಆರಿಸಿ ಸ್ಟೀಲ್ ಡಬ್ಬಿಗೆ ಹಾಕಿಕೊಂಡಿದ್ದೆ. ರಾತ್ರಿ ಲಾಡ್ಜ್‌ನಲ್ಲಿ ಡಬ್ಬಿಯೊಳಗೆ ಟಕ್ ಟಕ್ ಅಂತ ಸದ್ದು. ಮೂರರಲ್ಲಿ ಏಡಿ ಇತ್ತು. ಬೆಳಕು ಹರಿಯುವ ಮೊದಲೇ ಆಟೋ ಹಿಡಿದು ಕಡಲಿಗೆ ಬಿಟ್ಟು ಬಂದೆ. ಒಂದು ಆಗಲೇ ಸತ್ತಿತ್ತು. ಖಾಲಿ ಅನ್ನಿಸಿದ ಚಿಪ್ಪನ್ನೂ ಅಲ್ಲೇ ಬಿಡಿ, ಅದು ಇನ್ನೊಂದು ಏಡಿಗೆ ಮನೆ.

ಕುಂದಾಪುರದಿಂದ:
ಹಕ್ಕಿ ಬೇಕಾದರೆ ದೋಣಿಯಲ್ಲೇ ಕಣ್ಣು ಬಿಟ್ಟು ಕೂತ್ಕೊಳ್ಳಿ. ಮಲ್ಪೆ ಬಂದರಿನ ಮೇಲೆ ಗರುಡಗಳು ತಿರುಗುತ್ತಾ ಇರ್ತಾವೆ. ಅದೃಷ್ಟ ಇದ್ದರೆ ಬಿಳಿ ಹೊಟ್ಟೆಯ ಕಡಲ ಹದ್ದು. ಚಳಿಗಾಲಕ್ಕೆ ಬರುವ ಉಲ್ಲಂಕಿಗಳು ಅಲೆ ಹಿಂದೆ ಸರಿದಾಗ ಓಡಿ ಹೋಗಿ ಕುಕ್ಕುತ್ತಾವೆ. ಬಂಡೆ ತುದಿಯಲ್ಲಿ ಬೂದು ಬಣ್ಣದ ಕೊಕ್ಕರೆ ಕಂಡರೆ ಬೆಳ್ಳಕ್ಕಿ ಕೊಳೆಯಾಗಿದೆ ಅಂದುಕೊಳ್ಳಬೇಡಿ, ಅದು ರೀಫ್ ಹೆರಾನ್. ಅದರಲ್ಲಿ ಬಿಳಿಯದೂ ಉಂಟು.

ಕೆಲವರು ನೇತ್ರಾಣಿ ದ್ವೀಪಕ್ಕೆ ಹೋಗಿ ಅಂತಾರೆ. ಅದು ಮುರುಡೇಶ್ವರದಿಂದ, ದೂರ ಜಾಸ್ತಿ. ಕಡಿದಾದ ಬಂಡೆ, ಮಕ್ಕಳನ್ನು ಇಳಿಸಿ ಸುತ್ತಿಸುವ ಜಾಗ ಅಲ್ಲ. ಅಲ್ಲಿ ನೋಡುವುದು ನೀರಿನ ಒಳಗೆ, ಹವಳ ಮತ್ತು ಮೀನು.

ಹುಬ್ಬಳ್ಳಿಯಿಂದ:
ನಾವು ಮೇ ತಿಂಗಳಾಗ ಹೋಗಿದ್ವಿ. ಬಿಸಿಲಿಗೆ ಕಲ್ಲು ಕಾದು ಕೂಡಾಕ ಆಗಲಿಲ್ಲ, ಏಡಿ ಒಂದೂ ಹೊರಗ ಬರಲಿಲ್ಲ. ಸಂದಿಯೊಳಗ ಚಿಪ್ಸ್ ಪ್ಯಾಕೆಟ್ ಮಾತ್ರ ಕಂಡ್ವು. ಭಾವನವರದು ಪೂರಾ ಸುಳ್ಳಲ್ಲ ನೋಡ್ರಿ.

ಪ್ರಶ್ನೆ ಕೇಳಿದವರು:
ಜನವರಿಗೆ ಮುಂದೂಡಿದ್ದೇವೆ. ಹವಾಯಿ ಚಪ್ಪಲಿ ಸಾಕಾ?

ಮಲ್ಪೆಯವರು:
ಸಾಲುವುದಿಲ್ಲ. ಪಾಚಿ ಜಾರ್ತದೆ, ಕಲ್ಲಿಗೆ ಕಚ್ಚಿಕೊಂಡ ಚಿಪ್ಪಿನ ಅಂಚು ಬ್ಲೇಡಿನ ಹಾಗೆ. ಹಿಂದೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ಹಾಕಿಸಿ. ಕಾವಲಿನವರು ಸೀಟಿ ಊದಿದರೆ ಆ ಬದಿಗೆ ಹೋಗುವುದೇ ಬೇಡ. ನೀರು ಏರುವುದು ಶುರುವಾದರೆ, ಅನಿಮೋನ್ ಅರ್ಧ ಬಿಚ್ಚಿದ್ದರೂ ಸರಿ, ಎದ್ದುಬಿಡಿ.