ಫಿಶಿಂಗ್: ಆಸೆ ತೋರಿಸಿದರೆ ಗಾಳ, ಹೆದರಿಸಿದರೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಹಾಸನದಿಂದ ಬರೆಯುತ್ತಿದ್ದೇನೆ. ಇಲ್ಲಿ ನನ್ನದೊಂದು ಚಿಕ್ಕ ಝೆರಾಕ್ಸ್ ಅಂಗಡಿ ಇದೆ. ಪಹಣಿ ತೆಗೆದುಕೊಡುವುದು, ಅರ್ಜಿ ತುಂಬುವುದು, ಬಿಲ್ ಕಟ್ಟುವುದು ಎಲ್ಲ ಅಲ್ಲೇ. ಗೋಡೆಗೆ ‘ಫಿಶಿಂಗ್ ಮೆಸೇಜ್‌ಗಳಿಂದ ಎಚ್ಚರ’ ಅಂತ ಒಂದು ಹಾಳೆ ಅಂಟಿಸಿದ್ದೆ. ಫಿಶಿಂಗ್ ಅಂದರೆ ಸುಳ್ಳು ಮೆಸೇಜ್, ಫೋನ್‌ಗಳಿಂದ ನಂಬಿಸಿ ಪಾಸ್‌ವರ್ಡ್, ದುಡ್ಡು ಕದಿಯುವ ಮೋಸ. ಹೋದ ವಾರ ಆಲೂರು ಕಡೆಯ ಹಿರಿಯರೊಬ್ಬರು, ಶುಂಠಿ ಬೆಳೆಯುವವರು, ಅದನ್ನು ನಿಧಾನಕ್ಕೆ ಓದಿ ‘ಇದು ಗೊರೂರು ಡ್ಯಾಮಲ್ಲಿ ಮೀನು ಹಿಡಿಯೋರಿಗಾ?’ ಅಂತ ಕೇಳಿದರು. ತಮಾಷೆಗೆ ಕೇಳಿದ್ದಲ್ಲ. ಅದಕ್ಕೂ ಹದಿನೈದು ದಿನ ಮುಂಚೆ ಅವರ ಖಾತೆಯಿಂದಲೇ 18,000 ರೂಪಾಯಿ ಹೋಗಿತ್ತು. ಪಿಎಂ ಕಿಸಾನ್ ಕಂತು ಬಂದಿದೆ ಅಂತ ವಾಟ್ಸಾಪ್‌ಗೆ ಒಂದು ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್) ಬಂದಿತ್ತು, ಒತ್ತಿದ್ದರು. ಯಾರಿಗೆ ಅಂತ ಆ ಹಾಳೆ ಅಂಟಿಸಿದ್ದೆನೋ ಅವರಿಗೇ ಅದು ಮುಟ್ಟಲಿಲ್ಲ. ಅವತ್ತಿನಿಂದ ಈ ಪದ ತಲೆಯಲ್ಲಿ ಕೂತುಬಿಟ್ಟಿದೆ.

ಅವರು ಹಾಗೆ ಓದಿದ್ದು ಸರಿಯಾಗಿಯೇ ಇದೆ. ಇಂಗ್ಲಿಷಿನಲ್ಲಿ ಮೀನು ಹಿಡಿಯುವ ಫಿಶಿಂಗ್ ‘ಎಫ್’ನಿಂದ ಶುರುವಾಗುತ್ತದೆ, ಮೋಸದ ಫಿಶಿಂಗ್ ‘ಪಿಎಚ್’ನಿಂದ. ಕಿವಿಗೆ ಎರಡೂ ಒಂದೇ, ಕಣ್ಣಿಗೆ ಬೇರೆ ಬೇರೆ. 1990ರ ದಶಕದ ನಡುವೆ ಅಮೆರಿಕದಲ್ಲಿ ಎಒಎಲ್ ಅನ್ನುವ ಇಂಟರ್ನೆಟ್ ಸೇವೆ ಬಳಸುವವರ ಪಾಸ್‌ವರ್ಡ್ ಕದಿಯುತ್ತಿದ್ದವರ ನಡುವೆ ಈ ಪದ ಓಡಾಡತೊಡಗಿತು. ಅದಕ್ಕೂ ಮುಂಚೆ ಟೆಲಿಫೋನ್ ವ್ಯವಸ್ಥೆಯನ್ನೇ ಯಾಮಾರಿಸಿ ಪುಕ್ಕಟೆ ಫೋನ್ ಮಾಡುತ್ತಿದ್ದವರು ಇದ್ದರಲ್ಲ, ಅವರ ಕೆಲಸಕ್ಕೆ ‘ಫ್ರೀಕಿಂಗ್’ ಅನ್ನುತ್ತಿದ್ದರು, ಅದನ್ನೂ ‘ಪಿಎಚ್’ ಹಾಕಿಯೇ ಬರೆಯುತ್ತಿದ್ದರು. ಆ ಚಾಳಿ ಇಲ್ಲಿಗೂ ಬಂತು. ಕನ್ನಡದಲ್ಲಿ ಬರೆದ ಕೂಡಲೇ ಆ ಗುರುತು ಅಳಿಸಿಹೋಗುತ್ತದೆ. ನಮ್ಮ ಲಿಪಿಯಲ್ಲಿ ಎರಡೂ ಫಿಶಿಂಗೇ. ಈ ಎರವಲು ಪದ ನಮ್ಮಲ್ಲಿಗೆ ಬರುವಾಗ ತನ್ನ ಅರ್ಧ ಅರ್ಥವನ್ನು ಅಲ್ಲೇ ಬಿಟ್ಟು ಬಂದಿದೆ, ಅಲ್ವಾ?

ಹಾಗಂತ ನಾನು ಎಲ್ಲದಕ್ಕೂ ಕನ್ನಡ ಪದ ಬೇಕು ಅನ್ನುವವನಲ್ಲ. ಪಾಸ್‌ವರ್ಡ್, ಓಟಿಪಿ, ಪಿನ್ ಇವೆಲ್ಲ ಎಲ್ಲರ ಬಾಯಲ್ಲಿ ಇವೆ, ಇರಲಿ. ಫಿಶಿಂಗ್ ಮಾತ್ರ ಯಾರ ಬಾಯಲ್ಲೂ ಇಲ್ಲ. ಅಂಗಡಿಗೆ ಬರುವವರೆಲ್ಲ ‘ಹ್ಯಾಕ್ ಆಗಿದೆ’ ಅನ್ನುತ್ತಾರೆ. ಓಟಿಪಿ ಹೇಳಿದ್ದರೂ ಹ್ಯಾಕ್, ಫೈಲ್ ಒತ್ತಿದ್ದರೂ ಹ್ಯಾಕ್, ದುಡ್ಡು ಬರುತ್ತದೆ ಅಂತ ನಂಬಿ ಪಿನ್ ಹಾಕಿ ದುಡ್ಡು ಕಳೆದುಕೊಂಡಿದ್ದರೂ ಹ್ಯಾಕ್. ‘ಹ್ಯಾಕ್ ಆಯ್ತು’ ಅನ್ನುವುದು ‘ಮಳೆ ಆಯ್ತು’ ಅಂದ ಹಾಗೆ. ಯಾರು ಮಾಡಿದರು, ಹೇಗೆ ಮಾಡಿದರು ಅನ್ನುವುದು ಆ ಮಾತಿನಲ್ಲಿ ಬರುವುದೇ ಇಲ್ಲ. ನಾನೇ ಹೇಳಿಬಿಟ್ಟೆ ಅನ್ನುವ ನಾಚಿಕೆ ಮುಚ್ಚಲು ಅದು ಒದಗುತ್ತದೆ, ಅದು ನನಗೂ ಅರ್ಥವಾಗುತ್ತದೆ. ಆದರೆ ಮುಂದಿನ ಕೆಲಸ ನಿಂತಿರುವುದೇ ಆ ‘ಹೇಗೆ’ ಮೇಲೆ. ಓಟಿಪಿ ಹೇಳಿದ್ದರೆ ಮೊದಲು ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಬೇಕು, ಸೈಬರ್ ಮೋಸದ ದೂರಿನ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಫೈಲ್ ಒತ್ತಿದ್ದರೆ ಅದರ ಜೊತೆಗೆ ಆ ಫೋನನ್ನೇ ನೆಟ್‌ನಿಂದ ಬಿಡಿಸಬೇಕು, ಇಲ್ಲದಿದ್ದರೆ ಹೊಸ ಓಟಿಪಿಯೂ ಅವರಿಗೇ ಹೋಗುತ್ತದೆ. ದುಡ್ಡು ಹೋದ ದಿನ ಆಲೂರಿನ ಹಿರಿಯರು ಬಂದು ‘ಹ್ಯಾಕ್ ಆಗಿದೆ’ ಅಂದಿದ್ದಕ್ಕೆ ನಾನು ಅರ್ಧ ಗಂಟೆ ಪಾಸ್‌ವರ್ಡ್ ಬದಲಾಯಿಸುತ್ತ ಕೂತಿದ್ದೆ. ಫೈಲಿನ ಮಾತು ಬಂದಿದ್ದು ಆಮೇಲೆ. ಅಷ್ಟರಲ್ಲಿ ಇನ್ನೂ ಎರಡು ಸಲ ದುಡ್ಡು ಹೋಯಿತು.

ಕನ್ನಡದಲ್ಲಿ ಮೋಸಕ್ಕೆ ಪದಗಳಿಗೇನೂ ಬರ ಇಲ್ಲ. ಟೋಪಿ ಹಾಕು, ಪಂಗನಾಮ ಹಾಕು, ಯಾಮಾರಿಸು, ಚಳ್ಳೆಹಣ್ಣು ತಿನ್ನಿಸು. ಆದರೆ ಇವೆಲ್ಲ ಕೆಲಸ ಮುಗಿದ ಮೇಲಿನ ಮಾತು. ಟೋಪಿ ಬಿದ್ದ ಮೇಲೆ ಟೋಪಿ. ಬೀಳುವ ಮುಂಚೆ ಏನು ನಡೆಯುತ್ತಿದೆ ಅಂತ ತೋರಿಸುವ ಪದ ನನಗೆ ಬೇಕಿತ್ತು. ‘ಬಲೆ’ ನೋಡಿದೆ. ಅದನ್ನು ನಮ್ಮ ಪೇಪರುಗಳು ಪೊಲೀಸರಿಗೆ ಬರೆದುಕೊಟ್ಟಿವೆ, ‘ಆರೋಪಿಗಾಗಿ ಬಲೆ ಬೀಸಿದ್ದಾರೆ’ ಅಂತ ದಿನಾ ಓದುತ್ತೇವೆ. ಕಳ್ಳನಿಗೂ ಅದೇ ಪದ ಕೊಟ್ಟರೆ ಗೊಂದಲ. ಕೊನೆಗೆ ಉಳಿದದ್ದು ಗಾಳ.

ಗಾಳ ನನಗೆ ಕೈಯಾರೆ ಗೊತ್ತು. ಚಿಕ್ಕವನಿದ್ದಾಗ ಶೆಟ್ಟಿಹಳ್ಳಿಯ ಹಾಳು ಚರ್ಚಿನ ಹತ್ತಿರ, ಹೇಮಾವತಿ ಹಿನ್ನೀರಿನ ದಡದಲ್ಲಿ, ಚಿಕ್ಕಪ್ಪನ ಜೊತೆ ಎಷ್ಟೋ ಭಾನುವಾರ ಕೂತಿದ್ದೇನೆ. ತಿಪ್ಪೆಯಿಂದ ಎರೆಹುಳ ತೆಗೆದು ಒಂದು ತೆಂಗಿನ ಚಿಪ್ಪಿನಲ್ಲಿ ಒದ್ದೆ ಮಣ್ಣಿನ ಜೊತೆ ಇಟ್ಟುಕೊಂಡಿರುತ್ತಿದ್ದರು. ಹುಳವನ್ನು ಮುಳ್ಳಿಗೆ ಪೋಣಿಸುವಾಗ ತುದಿ ಒಂದಿಷ್ಟೂ ಕಾಣಬಾರದು. ನಾನು ಪೋಣಿಸಿದ್ದನ್ನು ಅವರು ಬೆಳಕಿಗೆ ಹಿಡಿದು ನೋಡಿ, ತುದಿ ಕಂಡರೆ ಬಿಚ್ಚಿ ಮತ್ತೆ ಹಾಕುತ್ತಿದ್ದರು. ಆಮೇಲೆ ಬೆಂಡು ನೋಡುತ್ತ ಸುಮ್ನೆ ಕೂರುವುದು. ಜಿಲೇಬಿ ಮೀನು ಮೊದಲು ಮುಟ್ಟಿ ನೋಡುತ್ತದೆ, ಬೆಂಡು ಅಲ್ಲಾಡುತ್ತದೆ, ಮುಳುಗುವುದಿಲ್ಲ. ಆಗ ಎಳೆಯಬಾರದು. ಆ ಎಪಿಕೆ ಮೆಸೇಜನ್ನು ಮತ್ತೆ ನೋಡಿದಾಗ ನನಗೆ ಇಷ್ಟೂ ಅದರಲ್ಲಿ ಕಂಡಿತು. ಕಂತಿನ ಮಾತು ಎರೆ, ಫೈಲು ಅದರೊಳಗಿನ ಮುಳ್ಳು, ಬಂದ ಎಸ್ಸೆಮ್ಮೆಸ್ಸನ್ನೆಲ್ಲ ಕದ್ದು ಎಲ್ಲೋ ಕೂತವನಿಗೆ ಕಳಿಸುವ ಆ ಆ್ಯಪ್ ಬೆಂಡು. ಹಿರಿಯರಿಗೆ ಹೀಗೆ ಹೇಳಿದೆ. ‘ಓ, ಗಾಳ ಹಾಕವ್ರೆ’ ಅಂದರು. ಎರಡನೇ ಸಲ ಹೇಳಬೇಕಾಗಲಿಲ್ಲ.

‘ಗಾಳ ಹಾಕು’ ಆಗಲೇ ಬೇರೆ ಕಡೆ ದುಡಿಯುತ್ತಿದೆ, ಸರ್ಕಾರ ಅಲ್ಲಾಡುವಾಗಲೆಲ್ಲ ‘ಶಾಸಕರಿಗೆ ಗಾಳ’ ಅಂತ ಬರುತ್ತದೆ, ನಿಜ. ಅದು ನನಗೆ ತೊಡಕು ಅನ್ನಿಸುವುದಿಲ್ಲ. ಅಲ್ಲೂ ಎರೆ ಇದೆ, ಮುಳ್ಳಿದೆ. ಹೊಸ ಪದಗಳನ್ನು ಕಟ್ಟುವುದಕ್ಕೂ ಗಾಳ ಚೆನ್ನಾಗಿ ಬಗ್ಗುತ್ತದೆ. ಇಂಗ್ಲಿಷಿನವರು ಮೊದಲ ಅಕ್ಷರ ಬದಲಿಸಿ ವಿಶಿಂಗ್, ಸ್ಮಿಶಿಂಗ್, ಕ್ವಿಶಿಂಗ್ ಅಂತ ಮಾಡಿಕೊಂಡಿದ್ದಾರೆ. ನಮಗೆ ಫೋನ್ ಗಾಳ, ಮೆಸೇಜ್ ಗಾಳ, ಕ್ಯೂಆರ್ ಗಾಳ ಸಾಕು. ಒಬ್ಬರ ಹೆಸರು, ಕೆಲಸ ಎಲ್ಲ ತಿಳಿದುಕೊಂಡು ಅವರಿಗೇ ಅಂತ ಕಳಿಸುವುದಕ್ಕೆ ಅವರು ಭರ್ಜಿ ಹಿಡಿದರು (ಸ್ಪಿಯರ್ ಫಿಶಿಂಗ್), ನಾವು ‘ಆಳು ನೋಡಿ ಹಾಕಿದ ಗಾಳ’ ಅನ್ನಬಹುದು. ಕಂಪನಿಯ ಮೇಲಿನವರನ್ನೇ ಹಿಡಿಯುವುದಕ್ಕೆ ಅವರ ಹತ್ತಿರ ತಿಮಿಂಗಿಲ ಇದೆ (ವೇಲಿಂಗ್). ನಮ್ಮ ಹತ್ತಿರ ಮೊದಲಿಂದಲೂ ‘ದೊಡ್ಡ ಕುಳ’ ಇದ್ದಾನೆ.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮರುದಿನವೇ ಒಬ್ಬ ಟೀಚರಮ್ಮ ಬಂದರು. ‘ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ವಿಡಿಯೊ ಕಾಲ್ ಕಟ್ ಮಾಡಿದರೆ ಅರೆಸ್ಟ್’ ಅಂತ ಪೊಲೀಸ್ ವೇಷದವನೊಬ್ಬ ಅವರನ್ನು ಮೂರು ಗಂಟೆ ಮನೆಯ ಕೋಣೆಯಲ್ಲೇ ಕೂರಿಸಿದ್ದ. ಅದೃಷ್ಟಕ್ಕೆ ಮಗಳು ಬಂದು ಫೋನ್ ಕಿತ್ತುಕೊಂಡಳು. ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಕಾನೂನಿನಲ್ಲೇ ಇಲ್ಲ, ಆದರೆ ಅವರ ಕೈ ಇನ್ನೂ ನಡುಗುತ್ತಿತ್ತು. ನಾನು ಗಾಳದ ಕತೆ ಶುರು ಮಾಡಿದೆ. ಅವರು ‘ನಾನೇನು ಆಸೆಗೆ ಬೀಳಲಿಲ್ಲಪ್ಪ’ ಅಂದರು. ಆ ಮಾತು ನನ್ನನ್ನು ಚುಚ್ಚಿತು. ಅವರು ಹೇಳಿದ್ದು ಸರಿ. ಗಾಳ ಅಂದರೆ ಆಸೆ. ಹೆದರಿದ ಮೀನು ಎರೆ ಕಚ್ಚುವುದಿಲ್ಲ, ಓಡುತ್ತದೆ. ಈ ಮೋಸ ನಡೆಯುವುದು ಓಡಿಸುವುದರಿಂದಲೇ. ‘ಇವತ್ತು ರಾತ್ರಿ ನಿಮ್ಮ ಮನೆ ಕರೆಂಟ್ ಕಟ್’ ಅನ್ನುವ ಮೆಸೇಜೂ ಇದೇ ಜಾತಿಯದು. ಗಾಳ ಅಂದುಬಿಟ್ಟರೆ ಹೆದರಿದವರ ಮೇಲೆ ಸುಮ್ನೆ ದುರಾಸೆಯ ಹೊರೆ ಹೊರಿಸಿದ ಹಾಗಾಗುತ್ತದೆ.

ಆಗ ನೆನಪಾಗಿದ್ದು ಸಕಲೇಶಪುರದ ಕಡೆಯ ನನ್ನ ಅಜ್ಜ ಹೇಳುತ್ತಿದ್ದ ‘ಸೋವು’. ಶಿಕಾರಿಯ ಪದ. 1972ರ ವನ್ಯಜೀವಿ ಕಾನೂನು ಬಂದ ಮೇಲೆ ಶಿಕಾರಿ ನಿಂತುಹೋಯಿತು, ಪದ ಅಜ್ಜನ ಬಾಯಲ್ಲಿ ಉಳಿದಿತ್ತು. ಹಳುವಿನ ಒಂದು ಕಡೆಯಿಂದ ಹತ್ತಾರು ಜನ ಕೂಗುತ್ತ, ತಗಡು ಬಡಿಯುತ್ತ, ನಾಯಿ ಬಿಟ್ಟುಕೊಂಡು ಬರುತ್ತಾರೆ, ಅದು ಸೋವು. ಹಂದಿ ಗಲಾಟೆ ಇಲ್ಲದ ದಿಕ್ಕಿಗೆ ಓಡುತ್ತದೆ, ಕೋವಿ ಹಿಡಿದವನು ಕೂತಿರುವುದು ಆ ದಿಕ್ಕಿನಲ್ಲೇ. ‘ಸೋವುವವನು ಹೊಡೆಯಲ್ಲ, ಓಡಿಸ್ತಾನೆ ಅಷ್ಟೆ’ ಅನ್ನುತ್ತಿದ್ದ ಅಜ್ಜ. ವಿಡಿಯೊ ಕಾಲ್‌ನಲ್ಲಿ ಕೂಗಾಡುವ ನಕಲಿ ಪೊಲೀಸ್ ಮಾಡುವುದೂ ಇದನ್ನೇ. ಟೀಚರಮ್ಮನಿಗೆ ಇದನ್ನು ಹೇಳಿದಾಗ ಅವರು ತುಂಬ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ‘ಹೌದು, ಆ ದುಡ್ಡು ಕಟ್ಟೋದೇ ತಪ್ಪಿಸಿಕೊಳ್ಳೋ ದಾರಿ ಅಂತ ಕಾಣ್ತಿತ್ತು’ ಅಂದರು.

ನನ್ನ ಕಷ್ಟ ಇಷ್ಟು. ಗಾಳ ಎಲ್ಲರಿಗೂ ಗೊತ್ತು, ಸೋವು ಹಾಸನ ಪೇಟೆಯಲ್ಲೇ ಯಾರಿಗೂ ಗೊತ್ತಿಲ್ಲ. ಅಂಗಡಿಯಲ್ಲಿ ನಾಲ್ಕು ಜನರನ್ನು ಕೇಳಿದೆ. ಇಬ್ಬರು ಸೋವಿ ಬೆಲೆ ಅಂದುಕೊಂಡರು. ಮೂಡಿಗೆರೆಯವರೊಬ್ಬರು ಮಾತ್ರ ‘ಸೋಯೋದು ಅಲ್ವಾ?’ ಅಂದರು. ಚಿಕ್ಕಮಗಳೂರು, ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ ಕಡೆಯವರು ಹೇಳಿ, ಈ ಪದ ನಿಮ್ಮಲ್ಲಿ ಯಾವ ರೂಪದಲ್ಲಿದೆ? ಸೋವು, ಸೋಹು, ಸೋಯು? ಶಿಕಾರಿ ಬಿಟ್ಟು ಬೇರೆ ಯಾವುದಕ್ಕಾದರೂ, ಮಂಗ ಓಡಿಸುವುದಕ್ಕೆ, ದನ ಅಟ್ಟುವುದಕ್ಕೆ, ಈಗಲೂ ಬಳಸುತ್ತೀರಾ? ಬಯಲುಸೀಮೆಯವರ ಹತ್ತಿರ ಹೆದರಿಸಿ ಒಂದೇ ದಿಕ್ಕಿಗೆ ಓಡಿಸುವುದಕ್ಕೆ ಬೇರೆ ಪದ ಇದೆಯೇ? ಜೊತೆಗೆ ‘ಎರೆ’ ಅನ್ನುವುದು ಹುಳದ ಹೆಸರಿನಲ್ಲಿ, ಗೊಬ್ಬರದ ಹೆಸರಿನಲ್ಲಿ ಎಲ್ಲ ಕಡೆ ಇದೆ. ಗಾಳಕ್ಕೆ ಸಿಕ್ಕಿಸುವ ಹಿಟ್ಟಿನುಂಡೆಗೂ ‘ಎರೆ’ ಅಂತಲೇ ಅನ್ನುವ ಊರು ನಿಮಗೆ ಗೊತ್ತಿದ್ದರೆ ಊರಿನ ಹೆಸರಿನ ಜೊತೆ ಬರೆಯಿರಿ. ಹಳೇ ಹಾಳೆ ಕಿತ್ತಿದ್ದೇನೆ. ಹೊಸದರಲ್ಲಿ ‘ಗಾಳ’ ಅಂತ ದೊಡ್ಡದಾಗಿ ಬರೆದಾಗಿದೆ, ಅದರ ಕೆಳಗೆ ಒಂದು ಸಾಲಿನ ಜಾಗ ಖಾಲಿ ಬಿಟ್ಟಿದ್ದೇನೆ.