ಹೋಂಸ್ಟೇ ಇಂಗ್ಲಿಷ್: ಗ್ರಾಮರ್ ಹಾಕಿದ್ರೆ ಚೆಂದ ಹೋಗತ್ತಾ?

ಮೂಡಿಗೆರೆ ತೋಟದಮನೆ
ನಮ್ದು ಮೂಡಿಗೆರೆ ಹತ್ರ ಸಣ್ಣ ಹೋಂಸ್ಟೇ. ಬುಕಿಂಗ್ ಪೇಜಿಗೆ ನಾನೇ ಇಂಗ್ಲಿಷಲ್ಲಿ ಬರ್ದಿದ್ದು: "ವಿ ಆರ್ ಹ್ಯಾವಿಂಗ್ ಫೋರ್ ರೂಮ್ಸ್. ಮೈ ಮದರ್ ಮೇಕ್ಸ್ ಅಕ್ಕಿರೊಟ್ಟಿ. ಯು ಈಟ್, ದೆನ್ ಯು ಟೆಲ್." ಬೆಂಗ್ಳೂರಲ್ಲಿರೋ ಅಕ್ಕನ ಮಗ ಯಾವ್ದೋ ಆ್ಯಪಲ್ಲಿ ತಿದ್ಸಿ ಕಳ್ಸಿದಾನೆ: "ಫೋರ್ ವೆಲ್-ಅಪಾಯಿಂಟೆಡ್ ರೂಮ್ಸ್ ಆರ್ ಆಫರ್ಡ್. ಗೆಸ್ಟ್ಸ್ ಆರ್ ಸರ್ವ್ಡ್ ಆಥೆಂಟಿಕ್ ಮಲ್ನಾಡ್ ಕ್ವಿಸೀನ್. ವಾಕಿಂಗ್ ಥ್ರೂ ದಿ ಎಸ್ಟೇಟ್, ಎ ವಾಟರ್‌ಫಾಲ್ ಕ್ಯಾನ್ ಬಿ ಸೀನ್." ಗ್ರಾಮರ್ ಎಲ್ಲಾ ಸರಿ ಇದ್ಯಂತೆ, ಓದಿದ್ರೆ ಮಾತ್ರ ನಮ್ಮನೆ ಅಂತ ಅನ್ಸಲ್ಲ. ಯಾವ್ದು ಹಾಕ್ಲಿ ಹೇಳಿ ಮಾರಾಯ್ರೆ.

ಗ್ರಾಮರ್ ಗೌಡ್ರು ಹಾಸನ
ಎರಡನೇದು, ಕಣ್ಮುಚ್ಕೊಂಡು ಹಾಕಿ. ನಿಮ್ಮ ಮೊದಲ್ನೇ ಸಾಲೇ ತಪ್ಪು. ನಮ್ಮ ಹತ್ರ ಇದೆ ಅನ್ನೋ ಅರ್ಥದಲ್ಲಿ ಹ್ಯಾವ್‌ಗೆ ಐಎನ್‌ಜಿ ಹಾಕಂಗಿಲ್ಲ. "ಹ್ಯಾವಿಂಗ್ ಬ್ರೇಕ್‌ಫಾಸ್ಟ್" ಅಂದ್ರೆ ತಿಂಡಿ ತಿಂತಾ ಇದೀವಿ ಅಂತ, ಅದು ಸರಿ. "ಹ್ಯಾವಿಂಗ್ ಫೋರ್ ರೂಮ್ಸ್" ಅಂದ್ರೆ ಮನೆಯೋರೆಲ್ಲ ಕೂತ್ಕೊಂಡು ರೂಮ್ ತಿಂತಾ ಇದೀರಾ? ನಾವು ರೆನ್ ಅಂಡ್ ಮಾರ್ಟಿನ್ ಗ್ರಾಮರ್ ಪುಸ್ತಕ ಓದಿ ಬೆಳೆದೋರು, ಇಂಥದ್ದು ಕಂಡ್ರೆ ಹೊಟ್ಟೆ ಉರಿಯತ್ತೆ.

ಸಕಲೇಶಪುರ ಸೀನ
ಗೌಡ್ರೆ ಹೊಟ್ಟೆ ಉರಿಗೆ ಮಜ್ಜಿಗೆ ಕುಡೀರಿ. ಮೊದಲ್ನೇದ್ರಲ್ಲಿ ಅಮ್ಮ ಇದಾರೆ, ಎರಡ್ನೇದ್ರಲ್ಲಿ ಎಲ್ಲೋದ್ರು? "ಗೆಸ್ಟ್ಸ್ ಆರ್ ಸರ್ವ್ಡ್" ಅಂತೆ, ಯಾರ್ ಬಡಿಸ್ತಾರೆ, ಸರ್ಕಾರನಾ? ಪ್ಯಾಸಿವ್ ಅಂದ್ರೆ ಕರ್ಮಣಿ ಪ್ರಯೋಗ ಹಾಕಿದ ತಕ್ಷಣ ರೊಟ್ಟಿ ತಟ್ಟೋ ಮನುಷ್ಯರೇ ಮಾಯ. ಆಫೀಸ್ ಲೆಟರ್‌ಗಳಲ್ಲಿ "ಇಟ್ ಹ್ಯಾಸ್ ಬೀನ್ ಡಿಸೈಡೆಡ್" ಅಂತ ಹಾಕೋದೇ ಅದಕ್ಕೆ, ಯಾರ್ ಡಿಸೈಡ್ ಮಾಡಿದ್ರು ಅಂತ ಗೊತ್ತಾಗ್ಬಾರ್ದು ಅಂತ.

ಬೇಲೂರು ಬೈಪಾಸ್
ಪ್ಯಾಸಿವ್ ಮೇಲೆ ಯಾಕ್ ಎಲ್ಲರೂ ಬೀಳ್ತೀರಾ? "ಬ್ರೇಕ್‌ಫಾಸ್ಟ್ ಈಸ್ ಸರ್ವ್ಡ್ ಅಟ್ 8" ಅಂದ್ರೆ ಏನ್ ತಪ್ಪು? ಅಲ್ಲಿ ಟೈಮ್ ಮುಖ್ಯ, ಬಡಿಸೋರಲ್ಲ. ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ 1946ರಲ್ಲಿ ಇಂಗ್ಲಿಷ್ ಬರವಣಿಗೆ ಬಗ್ಗೆ ಒಂದು ಪ್ರಬಂಧ ಬರ್ದು, ಆ್ಯಕ್ಟಿವ್ ಹಾಕೋ ಕಡೆ ಯಾವತ್ತೂ ಪ್ಯಾಸಿವ್ ಹಾಕ್ಬೇಡಿ ಅಂತ ರೂಲ್ ಕೊಟ್ಟ. ಅದೇ ಪ್ರಬಂಧದ ಮೊಟ್ಟಮೊದಲ ವಾಕ್ಯದಲ್ಲೇ "ಇಟ್ ಈಸ್ ಜನರಲಿ ಅಸ್ಯೂಮ್ಡ್" ಅಂತ ಅವನೇ ಪ್ಯಾಸಿವ್ ಹಾಕಿದಾನೆ. ರೂಲ್ ಮಾಡ್ದೋನೇ ಪಾಲಿಸ್ಲಿಲ್ಲ.

ಸಕಲೇಶಪುರ ಸೀನ
ಅದೇ ಆರ್ವೆಲ್ ಕೊನೇ ರೂಲಲ್ಲಿ, ಕೇಳೋಕೆ ಅಸಹ್ಯ ಆಗೋ ಹಾಗೆ ಬರೆಯೋದಕ್ಕಿಂತ ಈ ರೂಲ್‌ಗಳನ್ನೇ ಮುರೀರಿ ಅಂದಿದಾನೆ, ಅದನ್ನ ಯಾಕೆ ಬಿಟ್ರಿ? ನಿಮಗೆ ಬೇಕಾದ ಸಾಲು ಮಾತ್ರ ಎತ್ಕೊಂಡು ಬರ್ಬೇಡಿ ಸಾ.

ಹಳೇಬೀಡು ಹುಡ್ಗಿ
ಎಲ್ರೂ ಎರಡನೇದು ಗ್ರಾಮರ್ ಪ್ರಕಾರ ಸರಿ ಅಂತ ಒಪ್ಕೊಂಡೇ ಮಾತಾಡ್ತಿದೀರಲ್ಲ, ಅದೇ ತಪ್ಪಿದೆ. "ವಾಕಿಂಗ್ ಥ್ರೂ ದಿ ಎಸ್ಟೇಟ್, ಎ ವಾಟರ್‌ಫಾಲ್..." ಇಲ್ಲಿ ವಾಕಿಂಗ್ ಹೋಗ್ತಿರೋದು ಜಲಪಾತ. ಡ್ಯಾಂಗ್ಲಿಂಗ್ ಪಾರ್ಟಿಸಿಪಲ್ ಅಂತಾರೆ ಇದಕ್ಕೆ. ಕನ್ನಡದಲ್ಲಿ "ಗೇಟ್ ತೆಗ್ದು ನಾಯಿ ಓಡ್ತು" ಅಂದ್ರೆ ನಾಯಿನೇ ಗೇಟ್ ತೆಗೀತು ಅನ್ಸಲ್ವಾ, ಹಾಗೆ.

ಗ್ರಾಮರ್ ಗೌಡ್ರು ಹಾಸನ
ಮಗಳೇ ಕನ್ನಡಕ್ಕೂ ಇಂಗ್ಲಿಷಿಗೂ ಗಂಟು ಹಾಕ್ಬೇಡ. "ಮಳೆ ಬಂದು ರಸ್ತೆ ಕೆಸರಾಯ್ತು" ಅಂತೀವಿ. ಬಂದಿದ್ದು ಮಳೆ, ಕೆಸರಾಗಿದ್ದು ರಸ್ತೆ. ಎಲ್ಲೋಯ್ತು ನಿನ್ ರೂಲು?

ಹಳೇಬೀಡು ಹುಡ್ಗಿ
ಅಲ್ಲಿ ಬಂದಿದ್ದು ಯಾವ್ದು ಅಂತ ಬಾಯ್ಬಿಟ್ಟು ಹೇಳಿದೀರಿ, ಮಳೆ ಅಂತ. ವಾಕಿಂಗ್ ಹೋಗೋರು ಯಾರು ಅಂತ ಆ ಆ್ಯಪ್ ಎಲ್ಲಿ ಹೇಳಿದೆ ತೋರ್ಸಿ. ಮತ್ತೆ ನಾನು ನಿಮ್ ಮಗಳಲ್ಲ.

ಕಾಫಿಪುಡಿ
ಅಯ್ಯೋ ಬಿಡ್ರಪ್ಪ, ಗ್ರಾಮರ್ ಇಲ್ದೇನೇ ಲೋಕ ಮೆಚ್ಚೋ ಇಂಗ್ಲಿಷ್ ಬರ್ದೋರು ನಮ್ಮ ಹಾಸನದಲ್ಲೇ ಹುಟ್ಟಿಲ್ವಾ? ರಾಜಾ ರಾವ್. 1938ರ ಕಾದಂಬರಿ ಕಾಂತಾಪುರ. ನಮಗೆ ಪಂಕ್ಚುಯೇಶನ್ನೂ ಇಲ್ಲ, ಕೈಕೊಡೋ ಆ "ಅಟ್" "ಆನ್"ಗಳ ತಲೆನೋವೂ ಇಲ್ಲ, ನಾವು ಹೇಳೋದು ಮುಗಿಯದ ಒಂದೇ ಕತೆ ಅಂತ ಮುನ್ನುಡಿಲೇ ಹೇಳ್ಕೊಂಡಿದಾರೆ. ಒಳಗೆ ಅಜ್ಜಿ ಕತೆ ಹೇಳೋ ಥರ ಅಂಡ್ ಅಂಡ್ ಅಂಡ್ ಅಂತ ಅರ್ಧ ಪುಟದ ವಾಕ್ಯ. ಮೂಡಿಗೆರೆಯೋರೆ, ನಿಮ್ದೇ ಇಟ್ಕೊಳ್ಳಿ.

ಗ್ರಾಮರ್ ಗೌಡ್ರು ಹಾಸನ
"ನಮ್ಮ ಹಾಸನ" ಅಂತೆ. ಹುಟ್ಟಿದ್ದು ಹಾಸನ, ಅಷ್ಟೇ. ಅವರ ತಂದೆ ಪಾಠ ಮಾಡ್ತಿದ್ದದ್ದು ಹೈದರಾಬಾದಲ್ಲಿ, ಇವರು ಡಿಗ್ರಿ ಓದಿದ್ದು ನಿಜಾಂ ಕಾಲೇಜಲ್ಲಿ, ಆಮೇಲೆ ಫ್ರಾನ್ಸ್, ಕೊನೆಗೆ ಟೆಕ್ಸಾಸ್ ಯೂನಿವರ್ಸಿಟಿ ಪ್ರೊಫೆಸರ್. ಹಾಸನಕ್ಕೂ ಅವರಿಗೂ ಏನ್ ಸಂಬಂಧ?

ಕಾಫಿಪುಡಿ
ಏನ್ ಸಂಬಂಧನಾ? ಕಾದಂಬರಿಲಿ ಊರ ದೇವರು ಕೆಂಚಮ್ಮ, ಹರಿಯೋ ನದಿ ಹಿಮವತಿ, ಪಕ್ಕದಲ್ಲಿ ಬಿಳಿ ದೊರೆಯ ಕಾಫಿ ಎಸ್ಟೇಟು. ಆಲೂರು ತಾಲೂಕಲ್ಲಿ ಕೆಂಚಮ್ಮನ ಹೊಸಕೋಟೆ ಯಾವ ಟೆಕ್ಸಾಸಲ್ಲಿದೆ ಸ್ವಾಮಿ? ಹೇಮಾವತಿ ಹೈದರಾಬಾದ್ ಮೇಲೆ ಹರಿಯತ್ತಾ?

ಬೇಲೂರು ಬೈಪಾಸ್
ಹುಟ್ಟಿದ ಊರೇ ಲೆಕ್ಕ ಆದ್ರೆ ಆರ್ವೆಲ್ ಬಿಹಾರಿ. 1903ರಲ್ಲಿ ಮೋತಿಹಾರಿಲಿ ಹುಟ್ಟಿದ್ದು. ಅವನನ್ನೂ ನಮ್ಮೋನು ಅನ್ನಿ.

ಕೊಪ್ಪದ ಕಡೆಯವ
ಹುಟ್ಟಿದ ಊರೇ ಲೆಕ್ಕ. ಅದಕ್ಕೇ ನಾವು ಹೇಳೋದು ಕುವೆಂಪು ಚಿಕ್ಕಮಗಳೂರು ಜಿಲ್ಲೆಯೋರು ಅಂತ. ಹಿರೇಕೊಡಿಗೆ, ಕೊಪ್ಪ ತಾಲೂಕು, 1904. ವಿಷಯಕ್ಕೂ ಸಂಬಂಧ ಇದೆ ಮಾರಾಯ್ರೆ, ಅವರ ಮೊದಲ ಪುಸ್ತಕ ಇಂಗ್ಲಿಷ್ ಕವನ, 1922ರಲ್ಲಿ ಬಂದಿದ್ದು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ನೋಡಿ, ನಿಮ್ಮ ಭಾಷೇಲಿ ಬರೀರಿ ಅಂದ್ರು. ಗ್ರಾಮರ್ ಬರ್ತಿರ್ಲಿಲ್ವಾ ಅವರಿಗೆ? ಬರ್ತಿತ್ತು.

ತೀರ್ಥಹಳ್ಳಿ ಟೈಮ್
ಏನಂದ್ರಿ? ತಾಯಿ ತವರುಮನೇಲಿ ಹೆರಿಗೆ ಆಯ್ತು ಅಂತ ಜಿಲ್ಲೆ ಬದಲಾಗಿಬಿಡತ್ತಾ? ಮನೆ ಕುಪ್ಪಳಿ. ಕವಿಶೈಲ ಕುಪ್ಪಳಿ. ಹೆಸ್ರಲ್ಲೇ "ಕು" ಅಂದ್ರೆ ಕುಪ್ಪಳಿ, ಹಿರೇಕೊಡಿಗೆ ಅಲ್ಲ. ಇಷ್ಟೂ ಗೊತ್ತಿಲ್ದೋರೆಲ್ಲ ಇಂಗ್ಲಿಷ್ ಗ್ರಾಮರ್ ಚರ್ಚೆಗೆ ಬಂದ್ಬಿಡ್ತೀರ.

ಕೊಪ್ಪದ ಕಡೆಯವ
ಗೊತ್ತಿಲ್ದೋನು ಯಾರು ಅಂತ ಮ್ಯಾಪ್ ತೆಗ್ದು ನೋಡಿ. ಹಿರೇಕೊಡಿಗೆ ಕೊಪ್ಪದಲ್ಲಿದೆ, ಕೊಪ್ಪ ಚಿಕ್ಕಮಗಳೂರಲ್ಲಿದೆ. ಇದ್ರಲ್ಲಿ ಯಾವ ಅರ್ಧ ಅರ್ಥ ಆಗ್ಲಿಲ್ಲ?

ಮೂಡಿಗೆರೆ ತೋಟದಮನೆ
ಸ್ವಾಮಿ ನನ್ ಹೋಂಸ್ಟೇ...

ಹಳೇಬೀಡು ಹುಡ್ಗಿ
ಅಣ್ಣ, ನಿಮಗೆ ನಾನ್ ಹೇಳ್ತೀನಿ, ಅವರು ಕಿತ್ತಾಡ್ಕೊಳ್ಳಿ. ಅದಕ್ಕೂ ಮುಂಚೆ ಕಾಫಿಪುಡಿಯವರಿಗೆ ಒಂದ್ ಮಾತು. ರಾಜಾ ರಾವ್ ಗ್ರಾಮರ್ ಬಿಟ್ರು ಅಂತ ಯಾರ್ ಹೇಳಿದ್ದು? ಪುಸ್ತಕ ತೆಗೆದು ನೋಡಿ, "ಎ" "ದಿ" ತಪ್ಪಿರೋದು ಸಿಗೋದು ಕಷ್ಟ, ಕ್ರಿಯಾಪದ ಕಾಲ ಬಿಟ್ಟು ಹೋಗಲ್ಲ. ಅವರು ಉದ್ದ ಮಾಡಿದ್ದು ವಾಕ್ಯನ, ಅದೂ ಅಂಡ್ ಹಾಕಿ ಸರಿಯಾಗಿ ಜೋಡಿಸಿ, ಓದೋರು ಎಲ್ಲೂ ದಾರಿ ತಪ್ಪಲ್ಲ. ಉದ್ದ ವಾಕ್ಯ ಬೇರೆ, ತಪ್ಪು ವಾಕ್ಯ ಬೇರೆ. ಈಗ ನಿಮ್ದು: "ವಿ ಹ್ಯಾವ್ ಫೋರ್ ರೂಮ್ಸ್. ಮೈ ಮದರ್ ಮೇಕ್ಸ್ ದಿ ಅಕ್ಕಿರೊಟ್ಟಿ. ಯು ಈಟ್, ದೆನ್ ಯು ಟೆಲ್ ಅಸ್. ವಾಕ್ ಥ್ರೂ ದಿ ಎಸ್ಟೇಟ್ ಅಂಡ್ ಯು ವಿಲ್ ಸೀ ಎ ವಾಟರ್‌ಫಾಲ್." ಟೆಲ್ ಅಂದ್ಮೇಲೆ ಯಾರಿಗೆ ಅಂತ ಬೇಕು, ಅದಕ್ಕೆ "ಅಸ್". ವೆಲ್-ಅಪಾಯಿಂಟೆಡ್, ಆಥೆಂಟಿಕ್ ಎರಡೂ ಬಿಸಾಕಿ, ಪ್ರತಿ ಹೋಂಸ್ಟೇನೂ ಅದನ್ನೇ ಬರ್ದಿರತ್ತೆ. ಅಮ್ಮ ಇರ್ಲಿ.

ಗ್ರಾಮರ್ ಗೌಡ್ರು ಹಾಸನ
"ಯು ಈಟ್, ದೆನ್ ಯು ಟೆಲ್ ಅಸ್" ಕಾಮಾ ಸ್ಪ್ಲೈಸ್. ಎರಡು ಪೂರ್ತಿ ವಾಕ್ಯನ ಬರೀ ಕಾಮಾ ಹಾಕಿ ಅಂಟ್ಸಂಗಿಲ್ಲ. ಸೆಮಿಕೋಲನ್ ಬೇಕು, ಇಲ್ಲಾಂದ್ರೆ ಅಂಡ್ ಬೇಕು.

ಸಕಲೇಶಪುರ ಸೀನ
ಅಕ್ಕಿರೊಟ್ಟಿ ಪಕ್ಕ ಸೆಮಿಕೋಲನ್ನಾ? ಗೌಡ್ರೆ ನಿಮ್ಮನ್ನ ಕರ್ದು ಊಟಕ್ಕೆ ಕೂರಿಸಿದ್ರೆ ಎಲೆ ತುದಿಲಿ ಉಪ್ಪಿಗೆ ಮುಂಚೆ ಕಾಮಾ ಹುಡುಕ್ತೀರಾ. ಚಿಕ್ಕ ಚಿಕ್ಕ ವಾಕ್ಯ ಅಕ್ಕಪಕ್ಕ ಬಂದ್ರೆ ಕಾಮಾ ನಡೆಯತ್ತೆ, "ಐ ಕೇಮ್, ಐ ಸಾ, ಐ ಕಾಂಕರ್ಡ್" ಅಂತ ನೀವೇ ಸ್ಕೂಲಲ್ಲಿ ಹೇಳ್ಕೊಟ್ಟಿರ್ತೀರಿ.

ಗ್ರಾಮರ್ ಗೌಡ್ರು ಹಾಸನ
ಅದು ಸೀಸರ್. ಮೂಡಿಗೆರೆ ಹೋಂಸ್ಟೇ ಓನರ್ ಸೀಸರ್ ಅಲ್ಲ. ಮೊದ್ಲು ರೂಲ್ ಕಲ್ತು ಆಮೇಲೆ ಮುರೀಲಿ. ಇನ್ನೊಂದ್ ವಿಷ್ಯ, ನೀವೆಲ್ಲ ಗ್ರಾಮರ್ ಅಂದ್ರೆ ಒಣಗಿದ್ದು ಅಂತೀರಲ್ಲ, ಆ ರೆನ್ ಇದಾನಲ್ಲ ರೆನ್ ಅಂಡ್ ಮಾರ್ಟಿನ್‌ದು, ಅವನೇ 1924ರಲ್ಲಿ ಫ್ರೆಂಚ್ ಫಾರಿನ್ ಲೀಜನ್ ಮೇಲೆ ಸಾಹಸದ ಕಾದಂಬರಿ ಬರ್ದೋನು, ಸಿನಿಮಾನೂ ಆಯ್ತು. ಗ್ರಾಮರ್ ಗೊತ್ತಿದ್ದೋನಿಗೆ ಸೊಗಸು ಬರಲ್ಲ ಅನ್ನೋ ವಾದ ಅಲ್ಲಿಗೆ ಬಿತ್ತು.

ಬೇಲೂರು ಬೈಪಾಸ್
ಬಿದ್ದಿದ್ದು ನಿಮ್ ವಾದ ಗೌಡ್ರೆ, ಆ ಕಾದಂಬರಿನ ಜನ ಓದಿದ್ದು ಕಾಮಾ ನೋಡಕ್ಕಲ್ಲ, ಕತೆ ನೋಡಕ್ಕೆ. ಆರ್.ಕೆ. ನಾರಾಯಣ್ ಕಾಲೇಜು ಸೇರೋ ಪರೀಕ್ಷೇಲಿ ಫೇಲಾಗಿದ್ದು ಇಂಗ್ಲಿಷಲ್ಲಿ, ಗೊತ್ತಾ?

ಗ್ರಾಮರ್ ಗೌಡ್ರು ಹಾಸನ
ಅವರ ಹಸ್ತಪ್ರತಿಗಳನ್ನ ತಿದ್ದಿ ಕೊಡೋಕೆ ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ಬೇಕಾಯ್ತು, ಗೊತ್ತಾ?

ಕಾಫಿಪುಡಿ
ಅಂದ್ರೆ ಆ್ಯಪ್ ಅಲ್ಲ, ಗ್ರಹಾಂ ಗ್ರೀನ್ ಥರ ಓದೋ ಮನುಷ್ಯ ಬೇಕು ಅಂತ ನೀವೇ ಒಪ್ಕೊಂಡಂಗಾಯ್ತು.

ಗ್ರಾಮರ್ ಗೌಡ್ರು ಹಾಸನ
ನಾನೇನೂ ಒಪ್ಕೊಂಡಿಲ್ಲ. ರಾಜಾ ರಾವ್ 2006ರಲ್ಲಿ ತೀರ್ಕೊಂಡಿದ್ದು ಆಸ್ಟಿನಲ್ಲಿ, ಅದಕ್ಕೆ ಇನ್ನೂ ಉತ್ರ ಬಂದಿಲ್ಲ.

ಮೂಡಿಗೆರೆ ತೋಟದಮನೆ
ಹಳೇಬೀಡು ತಂಗಿ ಕೊಟ್ಟಿದ್ದನ್ನೇ ಹಾಕಿದೀನಿ, ಥ್ಯಾಂಕ್ಸಮ್ಮಾ. "ದಿ ಅಕ್ಕಿರೊಟ್ಟಿ"ಲಿ ದಿ ಮಾತ್ರ ತೆಗ್ದೆ. ಅಮ್ಮಂಗೆ ಓದಿ ಹೇಳ್ದೆ, ಬರೀ ರೊಟ್ಟಿ ಯಾಕ್ ಬರ್ದೆ ಕಡುಬೂ ಬರಿ ಅಂದ್ರು.

ತೀರ್ಥಹಳ್ಳಿ ಟೈಮ್
ಕಡುಬು ಅಂದ್ರೆ ತೀರ್ಥಹಳ್ಳಿ ಕಡೇದು.

ಕೊಪ್ಪದ ಕಡೆಯವ
ಹಾ ಶುರುವಾಯ್ತು ನೋಡಿ. ಕಡುಬೂ ನಿಮ್ದೇನಾ ಈಗ?