ಉಳ್ಳಾಗಡ್ಡಿ ಬಟಾಟಿ ಸೂಪ್ ಕ್ರೀಮ್ ಪ್ಯಾಕೆಟ್ ಇಲ್ದ ಗಟ್ಟಿ ಆಗ್ತೈತೇನ್ರಿ?

ಟಿಳಕವಾಡಿ ವೈನಿ:
ನಮಸ್ಕಾರ್ರಿ ಎಲ್ಲಾರಿಗೂ. ಬೆಳಗಾವ್ಯಾಗ ಮಳಿ ಹಿಡಕೊಂಡೈತಿ, ಸಂಜಿ ಆತಂದ್ರ ಹುಡುಗ್ರು ಏನರೆ ಬಿಸಿಬಿಸಿ ಮಾಡು ಅಂತ ಗಂಟ ಬೀಳ್ತಾವ. ಹೋಟೆಲ್‌ನ್ಯಾಗ ಕೊಡ್ತಾರಲ್ಲ ಬೆಳ್ಳಗ ನುಣ್ಣಗ, ಹಂಗ ಉಳ್ಳಾಗಡ್ಡಿ ಬಟಾಟಿ ಸೂಪ್ ಮಾಡಬೇಕಂತೀನಿ. ಪ್ಯಾಕೆಟ್ ಕ್ರೀಮ್ ನಾವು ತರೂದಿಲ್ಲ, ಹಾಲಿನ ಕೆನಿ ಐತಿ, ಬೆಣ್ಣಿ ಐತಿ. ಮೈದಾ ಹಾಕ್ಲೇಬೇಕೇನು? ಮತ್ತ ನಮ್ಮ ನೆಗೆಣ್ಣಿ ಹೇಳ್ತಾಳ, ಬೆಂದ ಬಟಾಟಿ ಮಿಕ್ಸರಿಗೆ ಹಾಕಿದ್ರ ಗೋಂದ್ ಆಗ್ತೈತಿ ಅಂತ, ಖರೇನ?

ಬಾಗಲಕೋಟಿ ಅಡಗಿಮನಿ:
ಖರೆ ಐತ್ರಿ ವೈನಿ. ಬೆಂದ ಬಟಾಟಿ ಒಳಗ ಪಿಷ್ಟ ಉಬ್ಬಿರ್ತೈತಿ, ಬ್ಲೇಡ್ ಜೋರ ತಿರುಗಿದ್ರ ಅದೆಲ್ಲಾ ಒಡದು ಹೊರಗ ಬಂದು ಜಿಗಿಜಿಗಿ ಆಗ್ತೈತಿ, ಆಮ್ಯಾಲೆ ಎಷ್ಟ ನೀರ ಹಾಕಿದ್ರೂ ಸರಿ ಹೋಗೂದಿಲ್ಲ. ಮಿಕ್ಸರಿಗೆ ಉಳ್ಳಾಗಡ್ಡಿ ಅಷ್ಟ ಹಾಕ್ರಿ, ಬಟಾಟಿ ಕೈಲೆ ಹಿಚಕ್ರಿ, ಭಾಳ ನುಣ್ಣಗ ಬೇಕಂದ್ರ ಜರಡಿ ಮ್ಯಾಲೆ ತಿಕ್ರಿ.
4 ಮಂದಿಗೆ 3 ಉಳ್ಳಾಗಡ್ಡಿ, 2 ದೊಡ್ಡ ಬಟಾಟಿ, 3 ಕಪ್ ನೀರು, 1 ಕಪ್ ಹಾಲು ಸಾಕು. ದಪ್ಪ ತಳದ ಬೋಗಾಣ್ಯಾಗ ಬೆಣ್ಣಿ ಹಾಕಿ, ಹೆಚ್ಚಿದ ಉಳ್ಳಾಗಡ್ಡಿ, ಚಿಟಕಿ ಉಪ್ಪು ಹಾಕಿ ಮುಚ್ಚಿ ಸಣ್ಣ ಉರಿ ಮ್ಯಾಲೆ ಕಾಲ್ ತಾಸು ಬಿಡ್ರಿ. ನಮಗ ಉಳ್ಳಾಗಡ್ಡಿ ಕೆಂಪಗ ಹುರಿಯೂ ಚಟಾ ಐತಲ್ಲ, ಅದನ್ನ ಇಲ್ಲಿ ಬಿಡಬೇಕು! ಕೆಂಪಾತಂದ್ರ ಸೂಪ್ ಕಂದ ಬಣ್ಣಕ್ಕ ಬಂದು ಸಿಹಿ ಹೊಡಿತೈತಿ. ಮೆತ್ತಗಾಗಿ ಗಾಜಿನಂಗ ಕಾಣಬೇಕು, ಅಷ್ಟ. ಬಟಾಟಿ ದೊಡ್ಡ ದೊಡ್ಡ ಹೋಳ ಮಾಡಿ ಅದರಾಗ ಬೇಯಸ್ರಿ, ಆಮ್ಯಾಲೆ ಸೌಟಿಲೆ ಎತ್ತಾಕ ಸುಲಭ ಆಗ್ತೈತಿ. ಮೈದಾ ಬ್ಯಾಡ, ಗಟ್ಟಿ ಮಾಡೂ ಕೆಲಸ ಬಟಾಟಿನ ಮಾಡ್ತದ.

ವಿಜಾಪುರದಾಂವ:
ಅಕ್ಕಾರು ಹೇಳಿದ್ದು ಬರೋಬ್ಬರಿ ಅದ. ಬೆಳ್ಳನ ಸೂಪ್ ಬೇಕಂದ್ರ ಬಿಳಿ ಉಳ್ಳಾಗಡ್ಡಿ ಸಿಕ್ರ ತಗೋರಿ, ನಮ್ಮ ಕಡೆ ಕೆಂಪ ಉಳ್ಳಾಗಡ್ಡಿ ಖಾರ ಜಾಸ್ತಿ, ನಡೀತದ ಖರೆ ಆದ್ರ ಇನ್ನ ಸ್ವಲ್ಪ ಹೊತ್ತ ಬಾಡಸ್ರಿ. ಮತ್ತ ಕೋಲ್ಡ್ ಸ್ಟೋರೇಜ್ ಬಟಾಟಿ ಸಿಹಿ ಇರ್ತದ, ಭಾಳ ಥಂಡ್ಯಾಗ ಇಟ್ರ ಅದರಾಗಿನ ಪಿಷ್ಟ ಸಕ್ರಿ ಆಗ್ತದ, ಮನಿ ಫ್ರಿಜ್‌ನ್ಯಾಗೂ ಹಸೀ ಬಟಾಟಿ ಇಡಬ್ಯಾಡ್ರಿ. ಕೆನಿ ಹಾಕೂದು ಕಡೀಕ. ಕೆನೀನ ಒಂದ ಬಟ್ಟಲದಾಗ ಚಮಚಾಲೆ ಚಲೋತ್ನ್ಯಾಗ ಕಲಸಿ, ಎರಡ ಚಮಚ ಬಿಸಿ ಸೂಪ್ ಸೇರ್ಸಿ, ಆಮ್ಯಾಲೆ ಬೋಗಾಣಿಗೆ ಸುರೀರಿ. ಅದು ಹಾಕಿದ ಮ್ಯಾಲೆ ಕುದಿಸಿದ್ರ ಒಡಿತದ. ಲಿಂಬಿಹಣ್ಣ ಹಿಂಡಾಕಂತೂ ಹೋಗಬ್ಯಾಡ್ರಿ.

ಜಮಖಂಡಿ ಖಾನಾವಳಿ:
ಇಷ್ಟೆಲ್ಲಾ ಮಾಡಿ ಬಳ್ಳೊಳ್ಳಿ ಜೀರಿಗಿ ಒಗ್ಗರಣಿ ಕೊಡಲಿಲ್ಲಂದ್ರ ಏನ ರುಚಿ ಬಂತ್ರಿ? ಎರಡ ಹಸಿಮೆಣಸಿನಕಾಯಿನೂ ಇರಲಿ.

ಬಾಗಲಕೋಟಿ ಅಡಗಿಮನಿ:
ಅಣ್ಣಾರ ಅದು ಸಾರು ಆತ್ರಿ 😄 ಬಳ್ಳೊಳ್ಳಿ ಬೇಕಂದ್ರ ಎರಡ ಎಸಳ ಉಳ್ಳಾಗಡ್ಡಿ ಜೋಡಿನ ಬಾಡಸ್ರಿ, ಮ್ಯಾಲೆ ಕರಿಮೆಣಸು ಕುಟ್ಟಿ ಉದರ್ಸ್ರಿ.

ಟಿಳಕವಾಡಿ ವೈನಿ:
ಎಲ್ಲಾರಿಗೂ ಥ್ಯಾಂಕ್ಸ್ ರೀ. ಮುಂಜಾನೆ ಮಾಡಿಟ್ಟು ಸಂಜಿಗೆ ಬಿಸಿ ಮಾಡಿದ್ರ ನಡಿತೈತೇನು? ಬ್ರೆಡ್ ಬದಲಿ ಏನ್ ಹಚ್ಚಲಿ?

ವಿಜಾಪುರದಾಂವ:
ನಡೀತದ ವೈನಿ, ಹಾಲು ಕೆನಿ ಹಾಕದ ಫ್ರಿಜ್‌ನ್ಯಾಗ ಇಡ್ರಿ. ಆರಿದ ಮ್ಯಾಲೆ ಗಟ್ಟಿ ಆಗ್ತದ, ಸಂಜಿಗೆ ಸ್ವಲ್ಪ ನೀರ ಹಾಕಿ ಕಾಯಿಸಿ ಆಮ್ಯಾಲೆ ಹಾಲು ಸೇರ್ಸ್ರಿ. ಬ್ರೆಡ್ ಯಾಕ, ಕಡಕ್ ರೊಟ್ಟಿ ಮುರದ ಹಾಕ್ರಿ, ಹಾಕಿದ್ ಕೂಡ್ಲೆ ತಿನ್ನಬೇಕು ಮತ್ತ, ತಡಾ ಮಾಡಿದ್ರ ಮೆತ್ತಗಾಗ್ತದ. ಹಾಂ, ಉಳ್ಳಾಗಡ್ಡಿ ಬಿಸಿ ಇದ್ದಾಗ ಮಿಕ್ಸರ್ ಜಾರ್ ತುಂಬ ಹಾಕಬ್ಯಾಡ್ರಿ, ಉಗಿಗೆ ಮುಚ್ಚಳಾ ಹಾರಿ ಮೈ ಸುಡ್ತದ, ಆರಿಸಿ ಅರ್ಧಾ ಜಾರ್ ಅಷ್ಟ ಹಾಕಿ ತಿರುಗಸ್ರಿ.